ಪುಣೆ ಲೈನ್, ನಾಲ್ಕು ಕಾರು, ಬಾಕಿ ಇಲ್ಲ: ಬ್ರೋಕರ್ ಲೋಡಿನಲ್ಲಿ ನನ್ನ ಅನುಭವ

ಬ್ರೋಕರ್ ಕೊಡಿಸುವ ಲೋಡ್ ನಂಬಿ ಕಾರ್ ಕ್ಯಾರಿಯರ್ (ಕಾರುಗಳನ್ನು ಊರಿಂದೂರಿಗೆ ಸಾಗಿಸುವ ಲಾರಿ) ಓಡಿಸಿದರೆ ಬಾಕಿ ವಸೂಲಿಗೇ ಅರ್ಧ ಆಯಸ್ಸು ಹೋಗುತ್ತದೆ ಅಂತ ಈ ಲೈನಿನಲ್ಲಿರುವ ಎಲ್ಲರೂ ಹೇಳಿದ್ದರು. ನಮ್ಮ ಭಾವ ಲಾರಿ ಕೆಲಸದಲ್ಲೇ ಕೂದಲು ಹಣ್ಣಾದವರು. "ಬಾಡಿಗೆ ಪೂರ್ತಿ ಕಸ್ಟಮರ್ ಕೈಯಿಂದಲೇ ಇಸ್ಕೋತೀನಿ ಅಂದ್ರೆ ಯಾವ ಬ್ರೋಕರ್ ನಿಂಗೆ ಕಾರು ಕೊಡ್ತಾನಪ್ಪಾ?" ಅಂದಿದ್ದರು. ಈಗ ಬ್ರೋಕರ್‌ಗಳೇ ಫೋನ್ ಮಾಡಿ ಕೊಡುತ್ತಿದ್ದಾರೆ. ಕಳೆದ ಒಂದೂವರೆ ವರ್ಷದಿಂದ ಹೊರಗೆ ನಿಂತ ಬಾಕಿ ಇಲ್ಲ ಅಂದರೂ ಸರಿ. ಹೊಸದಾಗಿ ಗಾಡಿ ಇಳಿಸಿದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಐಷರ್. ನಾಲ್ಕು ಸಣ್ಣ ಕಾರು ಹಿಡಿಯುತ್ತದೆ, ದೊಡ್ಡದಾದರೆ ಮೂರು. ಮೊದಲ ವರ್ಷ ಎಲ್ಲ ಕಡೆಗೂ ಓಡಿಸಿ ನೋಡಿದೆ. ಕೊಚ್ಚಿ, ಹೈದರಾಬಾದ್, ಒಂದೆರಡು ಸಲ ದೆಹಲಿ. ದೆಹಲಿ ಬಾಡಿಗೆ ಕೇಳೋಕೆ ಚೆಂದ. ಆದರೆ ಅಲ್ಲಿ ಹೋದ ಮೇಲೆ ದೊಡ್ಡ ಟ್ರೈಲರ್‌ಗಳ ಮುಂದೆ ನಮ್ಮ ನಾಲ್ಕು ಕಾರಿನ ಗಾಡಿಯನ್ನು ಯಾರೂ ಕೇಳಲ್ಲ. ವಾಪಸ್ ಲೋಡಿಗೆ ವಾರ ಕಾದು, ಕೊನೆಗೆ ಸಿಕ್ಕ ರೇಟಿಗೆ ಒಪ್ಪಿ ಬರಬೇಕು. ಅಷ್ಟರಲ್ಲಿ ಡ್ರೈವರ್ ಬಾಟಾ, ಪಾರ್ಕಿಂಗ್, ಊಟ ಎಲ್ಲ ಸೇರಿ ಲಾಭ ಕರಗಿಹೋಗಿರುತ್ತದೆ.

ಹಾಗಾಗಿ ಒಂದೇ ಲೈನ್ ಹಿಡಿದೆ. ಬೆಂಗಳೂರಿಂದ ಪುಣೆ, ರಾಷ್ಟ್ರೀಯ ಹೆದ್ದಾರಿ 48. ಸುಮಾರು 840 ಕಿ.ಮೀ. ಎರಡೂ ಕಡೆ ಐಟಿ ಕಂಪನಿಗಳು, ಎರಡೂ ಕಡೆಯಿಂದ ಟ್ರಾನ್ಸ್‌ಫರ್. ಮಧ್ಯೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ. ನಾಲ್ಕರಲ್ಲಿ ಒಂದು ಕಾರು ಹುಬ್ಬಳ್ಳಿಯಲ್ಲಿ ಇಳಿದರೆ ಅದೇ ಜಾಗಕ್ಕೆ ಅಲ್ಲಿಂದ ಇನ್ನೊಂದು ಹತ್ತಬಹುದು. ಬೆಳಗಾವಿಯಲ್ಲಿ ಅಂಥ ಕಾರು ನನಗೆ ಯಾರ ಕಡೆಯಿಂದ ಬರುತ್ತದೆ ಅನ್ನೋದನ್ನು ಮಾತ್ರ ಬರೆಯಲ್ಲ. ಅದು ಒಂದು ವರ್ಷ ಟೀ ಕುಡಿಸಿ ಸಂಪಾದಿಸಿದ್ದು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಂದು ಕಡೆಗೆ ಡೀಸೆಲ್ 12,000ದಿಂದ 13,000. ಟೋಲ್ 4,000ದ ಆಸುಪಾಸು. ಡ್ರೈವರ್ ಬಾಟಾ, ಚಿಲ್ಲರೆ ಖರ್ಚು ಸೇರಿ ಇನ್ನೊಂದು 2,500. ಅಂದರೆ 19,000 ಹೋಗೇ ಹೋಗುತ್ತದೆ, ಕಂತು ಬೇರೆ. ಬ್ರೋಕರ್ ಹೇಳುವ ರೇಟು ಕಾರಿಗೆ 6,000. ನಾಲ್ಕು ತುಂಬಿದರೆ ಐದು ಸಾವಿರ ಉಳಿಯುತ್ತದೆ. ಮೂರಕ್ಕೆ ಹೊರಟರೆ ಕೈಯಿಂದ ಹೋಗುತ್ತದೆ. ಅದರಲ್ಲಿ ಒಂದು ಕಾರಿನ ಬಾಕಿ ಬರದಿದ್ದರೆ ಇಡೀ ಟ್ರಿಪ್ ಸುಮ್ನೆ ಓಡಿಸಿದ ಹಾಗೆ.

ಬಾಕಿ ಯಾಕೆ ನಿಲ್ಲುತ್ತದೆ? ಮಧ್ಯೆ ಕೈಗಳು ಜಾಸ್ತಿ. ಕಸ್ಟಮರ್ ಮೊದಲನೇ ಬ್ರೋಕರ್‌ಗೆ 11,000 ಕೊಟ್ಟಿರುತ್ತಾನೆ. ಅವನು ಎರಡನೆಯವನಿಗೆ 8,500ಕ್ಕೆ ದಾಟಿಸಿರುತ್ತಾನೆ. ಅವನು ನಮಗೆ ಫೋನ್ ಮಾಡಿ "ಅಣ್ಣ, ಪುಣೆಗೆ ಒಂದು ಸ್ವಿಫ್ಟ್ ಇದೆ, ಆರು ಸಾವಿರ, ಅರ್ಧ ಈಗ, ಉಳಿದದ್ದು ಆಫೀಸಿಂದ ಹಾಕ್ತೀವಿ" ಅನ್ನುತ್ತಾನೆ. ಆ ಆಫೀಸ್ ಎಲ್ಲಿದೆ ಅಂತ ಅವನಿಗೇ ಗೊತ್ತಿರಲ್ಲ. ಪುಣೆಯ ವಾಕಡ್‌ನಲ್ಲಿ ಒಮ್ಮೆ ಕಾರು ರ್ಯಾಂಪ್ ಮೇಲೆ ಇದ್ದಾಗ ಮೇಡಂ ಫೋನ್ ತೋರಿಸಿದರು. ಪೂರ್ತಿ ದುಡ್ಡು ನಿನ್ನೆ ರಾತ್ರಿಯೇ ಏಜೆಂಟ್ ಅಕೌಂಟಿಗೆ ಹಾಕಿದ್ದರು. ಏಜೆಂಟ್ ಫೋನ್ ಸ್ವಿಚ್ ಆಫ್. ಅವರದೇನೂ ತಪ್ಪಿಲ್ಲ ಅಲ್ವಾ? ಕಾರು ಇಳಿಸಿ ಕೀ ಕೊಟ್ಟು ಬಂದೆ. ಹತ್ತಿರ ಹತ್ತಿರ 4,500 ಅಲ್ಲೇ ಹೋಯಿತು. ಹೀಗೆ ಆ ವರ್ಷ ನಿಂತದ್ದು ಲಕ್ಷದ ಮೇಲೆ. ಬಂದದ್ದು ಕಾಲು ಭಾಗ ಇರಬಹುದು.

ಈಗಿನ ನನ್ನ ಪದ್ಧತಿ ಹೀಗಿದೆ. ಬ್ರೋಕರ್ ತನ್ನ ಪಾಲನ್ನು ಬುಕಿಂಗ್ ಅಡ್ವಾನ್ಸ್ ಆಗಿ ಕಸ್ಟಮರ್‌ನಿಂದ ಮೊದಲೇ ತೆಗೆದುಕೊಳ್ಳುತ್ತಾನೆ. ನನ್ನ ಬಾಡಿಗೆಯನ್ನು ಅವನು ಮುಟ್ಟುವುದೇ ಇಲ್ಲ. ಅರ್ಧ ಲೋಡ್ ಮಾಡುವಾಗ, ಅರ್ಧ ಪುಣೆಯಲ್ಲಿ ಕಾರು ರ್ಯಾಂಪಿನಿಂದ ಇಳಿಯುವ ಮೊದಲು. ಎರಡೂ ಯುಪಿಐನಲ್ಲಿ ನೇರ ನನಗೆ. ಕಾರು ಹತ್ತಿದ ತಕ್ಷಣ ಕಸ್ಟಮರ್, ಬ್ರೋಕರ್, ನಾನು ಮೂವರೂ ಇರುವ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕುತ್ತೇನೆ: "ಸರ್, ಕಾರು ಲೋಡ್ ಆಯಿತು. ಬಂದದ್ದು 3,500. ಇಳಿಸುವಾಗ ಈ ನಂಬರಿಗೇ 3,500. ಬೇರೆ ಯಾರಿಗೂ ಕೊಡಬೇಡಿ." ಈ ಒಂದು ಸಾಲಿನಿಂದ ವಾಕಡ್ ಥರದ ಜಗಳ ನಿಂತೇಹೋಯಿತು.

ಬ್ರೋಕರ್ ಯಾಕೆ ಒಪ್ಪುತ್ತಾನೆ? ಅವನಿಗೆ ಬಾಡಿಗೆಯ ಚಿಂತೆ ಇಲ್ಲ. ನಾವು ಅವನ ಕಸ್ಟಮರನ್ನು ಎಳೆದುಕೊಳ್ಳುತ್ತೇವೆ ಅನ್ನುವ ಭಯ ಇದೆ. ಅದನ್ನು ತೆಗೆದುಹಾಕಿದೆ. ಅವನ ಕಸ್ಟಮರ್‌ಗೆ ನನ್ನ ಕಾರ್ಡ್ ಕೊಡಲ್ಲ. ಆರು ತಿಂಗಳಾದ ಮೇಲೆ ಅದೇ ಕಸ್ಟಮರ್ ನೇರ ನನಗೆ ಫೋನ್ ಮಾಡಿದರೂ ಬ್ರೋಕರ್ ಕಡೆಗೇ ಕಳಿಸುತ್ತೇನೆ. ಹೀಗೆ ಎರಡು ಮೂರು ಸಲ ಆದ ಮೇಲೆ ಪೀಣ್ಯದ ಒಬ್ಬ ಬ್ರೋಕರ್ ತನ್ನ ಪುಣೆ ಕಾರನ್ನೆಲ್ಲ ಮೊದಲು ನನಗೇ ಹೇಳಲು ಶುರು ಮಾಡಿದ. ರೇಟೂ 6,000ದಿಂದ 7,000ಕ್ಕೆ ಏರಿತು. ಈ ಲೈನಿನಲ್ಲಿ ಈಗ ಅಷ್ಟು ಕೊಡುವುದು ನನಗೊಬ್ಬನಿಗೇ ಅಂತ ಕೇಳಿದ್ದೇನೆ.

ಹೊಸ ಬ್ರೋಕರ್ ಫೋನ್ ಮಾಡಿದರೆ ಮೊದಲು ಕಸ್ಟಮರ್ ನಂಬರ್ ಕೇಳಿ. "ಲೋಡ್ ಆದ್ಮೇಲೆ ಕೊಡ್ತೀನಿ ಗುರೂ" ಅಂದರೆ ಅವನ ಹತ್ತಿರವೇ ಇಲ್ಲ ಅಂತ ಅರ್ಥ. ಅವನು ಮೊದಲ ಕೈ ಅಲ್ಲ. ಅಂಥ ಕಾರು ನಾನು ಹತ್ತಿಸಲ್ಲ, ಜಾಗ ಖಾಲಿ ಇದ್ದರೂ.

ಇನ್ಶೂರೆನ್ಸ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಕೆಲವು ಬ್ರೋಕರ್‌ಗಳು ಕಸ್ಟಮರ್‌ನಿಂದ ಟ್ರಾನ್ಸಿಟ್ (ಸಾಗಣೆಯ) ಇನ್ಶೂರೆನ್ಸ್ ಅಂತ ಕಾರಿನ ಬೆಲೆಯ ಮೇಲೆ ಪರ್ಸೆಂಟ್ ಲೆಕ್ಕದಲ್ಲಿ ವಸೂಲಿ ಮಾಡುತ್ತಾರೆ, ಪಾಲಿಸಿ ಮಾಡಿಸಿರಲ್ಲ. ಗೀರು ಬಿದ್ದರೆ ಕಸ್ಟಮರ್ ನಮ್ಮ ಕೊರಳಪಟ್ಟಿ ಹಿಡಿಯುತ್ತಾನೆ. ಹಾಗಾಗಿ ಪಾಲಿಸಿ ನಂಬರ್ ಕೇಳಿ. ಕಾರಿನ ಸ್ವಂತ ಪಾಲಿಸಿಯನ್ನೂ ನೋಡಿ. ಫುಲ್ ಇನ್ಶೂರೆನ್ಸ್ ಇದ್ದರೆ ರಸ್ತೆ, ರೈಲಿನಲ್ಲಿ ಸಾಗಿಸುವಾಗ ಆಗುವ ಹಾನಿಯೂ ಅದರಲ್ಲಿ ಸೇರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದರೆ ಸೇರಲ್ಲ. ಇದನ್ನು ಲೋಡ್ ಮಾಡುವ ಮೊದಲೇ ಕಸ್ಟಮರ್‌ಗೆ ಹೇಳಿಬಿಡುತ್ತೇನೆ.

ವಿಡಿಯೋ ಎಲ್ಲರೂ ಮಾಡುತ್ತಾರೆ. ಆದರೆ ಬೀದಿ ದೀಪದಲ್ಲಿ ಮಾಡಿದ ವಿಡಿಯೋ ಕೆಲಸಕ್ಕೆ ಬರಲ್ಲ. ಈಗಷ್ಟೇ ತೊಳೆದ ಕಾರಂತೂ ಇನ್ನೂ ಕಷ್ಟ, ನೀರಿನಡಿ ಸಣ್ಣ ಗೀರು ಕಾಣಲ್ಲ. ನಾನು ಒಣ ಬಟ್ಟೆಯಲ್ಲಿ ಬಂಪರ್ ಮೂಲೆ, ಬಾಗಿಲ ಅಂಚು, ಕನ್ನಡಿಯ ಹಿಂಭಾಗ ಒರೆಸಿ, ಬೆರಳಿಟ್ಟು ತೋರಿಸುತ್ತಾ ವಿಡಿಯೋ ಮಾಡುತ್ತೇನೆ. ಕಸ್ಟಮರ್ ಧ್ವನಿಯೂ ಅದರಲ್ಲಿ ಬರಬೇಕು. ಮೀಟರ್, ಪೆಟ್ರೋಲ್ ಮುಳ್ಳು, ಸ್ಟೆಪ್ನಿ, ಡಿಕ್ಕಿ ಒಳಗೆ. ಡಿಕ್ಕಿಯಲ್ಲಿ ಸಾಮಾನು ತುಂಬಿದ್ದರೆ ಇಳಿಸಿಸಿ. ಕ್ಯಾರೇಜ್ ಬೈ ರೋಡ್ ಕಾಯ್ದೆಯಲ್ಲಿ ನಷ್ಟದ ನೋಟಿಸ್ ಕೊಡಲು ಬುಕಿಂಗ್‌ನಿಂದ 180 ದಿನ ಇದೆ. ಅಲ್ಲಿಯವರೆಗೆ ವಿಡಿಯೋ ಡಿಲೀಟ್ ಮಾಡಬೇಡಿ.

ಕಾಗದಪತ್ರ ನಿಮಗೆ ಗೊತ್ತಿದ್ದದ್ದೇ. ಒಂದು ಮಾತು ಮಾತ್ರ. ಮನೆಯವರು ಬಳಸಿದ ಸ್ವಂತ ಕಾರಿಗೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಆನ್‌ಲೈನ್ ಪತ್ರ) ಬೇಡ, ಆರ್‌ಸಿ, ಇನ್ಶೂರೆನ್ಸ್ ಪ್ರತಿ, ಮಾಲೀಕರ ಪತ್ರ ಸಾಕು. ಸೆಕೆಂಡ್ ಹ್ಯಾಂಡ್ ಡೀಲರ್ ಮಾರಿದ ಕಾರಾದರೆ ಬೇಕು. ಬ್ರೋಕರ್ "ಏನೂ ಬೇಡ" ಅಂದರೂ ಆರ್‌ಸಿಯಲ್ಲಿ ಯಾರ ಹೆಸರಿದೆ ನೋಡಿ. ಇ-ವೇ ಬಿಲ್ ಇದ್ದರೆ ಅದರ ಅವಧಿ ದಿನಕ್ಕೆ 200 ಕಿ.ಮೀ. ಲೆಕ್ಕ, ಅಂದರೆ ಪುಣೆಗೆ ಐದು ದಿನ ಸಿಗುತ್ತದೆ.

ಮಧ್ಯೆ ಬೇರೆ ಪ್ರಯೋಗವೂ ಮಾಡಿದೆ. ಮಳೆಗಾಲದಲ್ಲಿ ಮೇಲಿನ ಕಾರಿಗೆ ಬಟ್ಟೆ ಕವರ್ ಹಾಕಿ ನೋಡಿದೆ. ದಾವಣಗೆರೆ ದಾಟುವಷ್ಟರಲ್ಲಿ ಗಾಳಿಗೆ ಪಟಪಟ ಹೊಡೆದು, ಒಳಗೆ ಸೇರಿದ ಧೂಳು ಪಾಲಿಶ್ ಕಾಗದದ ಹಾಗೆ ಬಾನೆಟ್ ಉಜ್ಜಿತ್ತು. ಈಗ ಕವರ್ ಇಲ್ಲ. ಕಾರು ನೆನೆದರೆ ಒರೆಸಿಕೊಡಬಹುದು. ರ್ಯಾಂಪ್ ಕೆಳಗಿನ ಸಂದಿಯಲ್ಲಿ ಬೈಕ್ ಹಾಕುವುದು ಮಾತ್ರ ಚೆನ್ನಾಗಿ ಕೈ ಹಿಡಿಯಿತು. ಟ್ಯಾಂಕ್ ಖಾಲಿ ಮಾಡಿಸಿ, ಹ್ಯಾಂಡಲ್‌ಗೆ ಗೋಣಿ ಸುತ್ತಿ ಕಟ್ಟುತ್ತೇನೆ. ಟೋಲಿನ ಮುಕ್ಕಾಲು ಅದರಲ್ಲೇ ಬರುತ್ತದೆ. ಒಂದಕ್ಕಿಂತ ಹೆಚ್ಚು ಬೈಕ್ ಹೇಗೆ ಹಿಡಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಎಲೆಕ್ಟ್ರಿಕ್ ಕಾರು ಭಾರ, ಯಾವಾಗಲೂ ಕೆಳಗೇ. ಅದರ ಸಣ್ಣ ಬ್ಯಾಟರಿ ಇಳಿದುಹೋದರೆ ನ್ಯೂಟ್ರಲ್‌ಗೆ ಬರಲ್ಲ, ಜಂಪ್ ಕೇಬಲ್ ಕ್ಯಾಬಿನ್‌ನಲ್ಲೇ ಇಟ್ಟಿರಿ.

ಪಿಕಪ್‌ಗೆ ಗಾಡಿಯನ್ನು ಊರೊಳಗೆ ತರುವುದನ್ನು ಬಿಟ್ಟೇಬಿಟ್ಟೆ. ಎಲ್ಲ ಕಾರೂ ತುಮಕೂರು ರಸ್ತೆಯ ಮಾದಾವರಕ್ಕೆ ಬರಬೇಕು. ನಮ್ಮ ಹುಡುಗ ಕಸ್ಟಮರ್ ಮನೆಯಿಂದ ಕಾರು ತಂದು ಅಲ್ಲಿ ಬಿಟ್ಟು, ಮೆಟ್ರೋದಲ್ಲಿ ಮುಂದಿನ ಕಾರಿಗೆ ಹೋಗುತ್ತಾನೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ಒಂದೇ ದಿನದಲ್ಲಿ ನಾಲ್ಕು ಕಾರು ಕೂಡಿಸುವುದು ಸಾಧ್ಯವಾಯಿತು. ಮೊದಲು ಎರಡು ದಿನ ಹಿಡಿಯುತ್ತಿತ್ತು.

ಈಗ ಹೈದರಾಬಾದ್ ಲೈನಿಗೆ ಎರಡನೇ ಗಾಡಿ ನೋಡುತ್ತಿದ್ದೇನೆ. ದೂರ ಕಡಿಮೆ, 570 ಕಿ.ಮೀ. ಇರಬಹುದು. ಆದರೆ ಮಧ್ಯೆ ಅನಂತಪುರ, ಕರ್ನೂಲಿನಲ್ಲಿ ಹುಬ್ಬಳ್ಳಿ, ಬೆಳಗಾವಿಯಷ್ಟು ಕಾರು ಹತ್ತಲ್ಲ. ಎರಡೂ ತುದಿಯಲ್ಲಿ ನಾಲ್ಕಕ್ಕೆ ನಾಲ್ಕು ತುಂಬಿಸಿಕೊಡುವ ಬ್ರೋಕರ್ ಸಿಗುವವರೆಗೆ ಗಾಡಿಗೆ ಅಡ್ವಾನ್ಸ್ ಕೊಡಲ್ಲ.