ಅಪ್ಪಯ್ಯನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದು

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ 2012ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ರ್‍ಯಾಮ್ 4 ಜಿಬಿ. ಬ್ಯಾಟರಿ ಸತ್ತು ವರ್ಷಗಳಾದವು. ಅಪ್ಪಯ್ಯನ ಅಡಿಕೆ ಲೆಕ್ಕವೆಲ್ಲ ಅದರಲ್ಲೇ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ. ಹಾಗಾಗಿ ಆಷಾಢದಲ್ಲೇ, ವಿಂಡೋಸಿನ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸ್ ಮಿಂಟ್ ಹಾಕಲು ಕೂತೆ. ಹಗುರ ಅಂತ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿದೆ.

ಇನ್‌ಸ್ಟಾಲ್ ಮಾಡಲು ಬೇಕಾದ ಐಎಸ್ಒ ಫೈಲು ಹತ್ತಿರ 3 ಜಿಬಿ. ನಮ್ಮ ತೋಟದ ನೆಟ್‌ವರ್ಕಿಗೆ ಅದು ಆಗದ ಮಾತು. ಪೇಟೆಗೆ ಹೋಗಿ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಹಾಕಿ ತಂದೆ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ಓಡಿಸಿ ವೈಫೈ, ಸೌಂಡ್ ನೋಡಿದೆ. ಸರಿಯಿತ್ತು. ಲೆಕ್ಕದ ಫೈಲುಗಳನ್ನು, ಜೊತೆಗೆ ಅವನ್ನು ಟೈಪ್ ಮಾಡಿದ 'ನುಡಿ' ಎಂಬ ಕನ್ನಡ ತಂತ್ರಾಂಶದ ಫಾಂಟನ್ನೂ ಬೇರೆ ಪೆನ್‌ಡ್ರೈವಿನಲ್ಲಿ ಎತ್ತಿಟ್ಟೆ.

ಡಿಸ್ಕ್ ಅಳಿಸಿ ಫೈಲು ಕಾಪಿ ಆಗುತ್ತಿತ್ತು, ಕರೆಂಟ್ ಹೋಯಿತು. ವಿಂಡೋಸೂ ಇಲ್ಲ, ಮಿಂಟೂ ಇಲ್ಲ. ಆಷಾಢದ ಮಳೆಯಲ್ಲಿ, ಬ್ಯಾಟರಿಯಿಲ್ಲದ ಲ್ಯಾಪ್‌ಟಾಪನ್ನು ಗೋಡೆಯ ಪ್ಲಗ್ಗಿಗೆ ನಂಬಿ ಕೂತಿದ್ದೆನಲ್ಲ, ನನ್ನದೇ ತಪ್ಪು.

"ತಮಾ, ಯನ್ನ ಲೆಕ್ಕ ಎಲ್ಲಾ ಹೋತನಾ?" ಎಂದರು ಅಪ್ಪಯ್ಯ.

ಹೋಗಿರಲಿಲ್ಲ. ಇನ್ವರ್ಟರ್ ಪ್ಲಗ್ಗಿಗೆ ಸಿಕ್ಕಿಸಿ ಮೊದಲಿಂದ ಶುರು ಮಾಡಿದೆ. ಅರ್ಧ ಗಂಟೆಯೂ ಬೇಕಾಗಲಿಲ್ಲ.

ನಿಜವಾದ ಕೆಲಸ ಆಮೇಲೆ. ಲೆಕ್ಕದ ಫೈಲು ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಚುಕ್ಕೆ. ಹಳೇ ನುಡಿಯಲ್ಲಿ ಕಂಪ್ಯೂಟರಿಗೆ ಕನ್ನಡವೇ ಗೊತ್ತಿರುವುದಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಫಾಂಟು ಕನ್ನಡದ ಚಿತ್ರ ತೋರಿಸುತ್ತದೆ, ಅಷ್ಟೆ. ಎತ್ತಿಟ್ಟ ಫಾಂಟು ಹಾಕಿದ ಮೇಲೆ ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಬಗೆಗಳೆಲ್ಲ ಮುಖ ತೋರಿಸಿದವು. ಆದರೂ ಮುಂದೆ ಇದೇ ಗೋಳು ಬೇಡ ಅಂತ ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ ಯುನಿಕೋಡಿಗೆ ಬದಲಿಸಿದೆ. ಅಪ್ಪಯ್ಯ ಅರ್ಕಾವೊತ್ತಿನ ಬದಲು ಒಂಬತ್ತನ್ನೇ ಒತ್ತಿದ್ದರಿಂದ 'ಖರ್ಚು' ಇದ್ದಲ್ಲೆಲ್ಲ 'ಖಚು೯' ಆಗಿತ್ತು. ಪ್ರತಿ ಖರ್ಚಿಗೂ ಒಂಬತ್ತು ಜಾಸ್ತಿ! ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಹುಡುಕಿ ಬದಲಿಸಿದೆ.

ಟೈಪ್ ಮಾಡಲು ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಆರಿಸಿದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರೇ. ಹಾಗಾಗಿ ಅಪ್ಪಯ್ಯನ ಬೆರಳು ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಈಗ ಲ್ಯಾಪ್‌ಟಾಪ್ ಇನ್ವರ್ಟರ್ ಪಕ್ಕದ ಮೇಜು ಬಿಟ್ಟು ಏಳುವುದಿಲ್ಲ.