ಒಂದೇ ಊರು, ಎರಡು ಲೆಕ್ಕ: ಕನ್ನಡ ಪಟ್ಟಿಯನ್ನು ಎಲಿಕ್ಸರ್‌ನಲ್ಲಿ ಸರಿಪಡಿಸುವುದು ಹೇಗೆ?

ಯಕ್ಷಗಾನ ಸಂಘದ್ದೋ ಗ್ರಂಥಾಲಯದ್ದೋ ಸದಸ್ಯರ ಪಟ್ಟಿಯನ್ನು ಕುಂಬಳೆಯಲ್ಲಿ ಒಬ್ಬರು, ಬದಿಯಡ್ಕದಲ್ಲಿ ಇನ್ನೊಬ್ಬರು ಟೈಪ್ ಮಾಡಿ ಒಟ್ಟು ಸೇರಿಸಿದರೆ, ‘ಕಾಸರಗೋಡು’ ಎರಡು ಬೇರೆ ಊರುಗಳಾಗಿ ಲೆಕ್ಕಕ್ಕೆ ಬರುವುದುಂಟು. ಪರದೆಯ ಮೇಲೆ ಎರಡೂ ಒಂದೇ, ಒಳಗಿನ ಸಂಕೇತಗಳು ಮಾತ್ರ ಬೇರೆ. ಕಣ್ಣಿಗೆ ಬೀಳದ ಇಂಥ ತಪ್ಪನ್ನು ಹಿಡಿಯಲು ಸಾಲು ಬರೆದ ಕೂಡಲೇ ಉತ್ತರ ಕೊಡುವ ಉಪಕರಣ ಬೇಕು. ಎಲಿಕ್ಸರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಐಇಎಕ್ಸ್ ಅಂಥದ್ದು. ಶಾಲೆಯಲ್ಲಿ ಪೈಥಾನ್ ಕಲಿತವರಿಗೆ ಇದು ಹೊಸತೆನಿಸದು.

ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ನೀವೇ ಇಡುವ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಬರೆಯಬಹುದು. ‘ಬೆಲೆ = 380’ ಎಂದರೆ ಎಲಿಕ್ಸರ್ ಒಪ್ಪುತ್ತದೆ.

ಅಳವಡಿಕೆ

ಉಬುಂಟುವಿನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಎಲಿಕ್ಸರ್’ ಸಾಕು, ಎಲಿಕ್ಸರ್ ಓಡಲು ಬೇಕಾದ ಎರ್ಲಾಂಗ್ ತಾನಾಗಿ ಬರುತ್ತದೆ. ವಿಂಡೋಸ್‌ನಲ್ಲಿ ಮೊದಲು ಎರ್ಲಾಂಗ್, ಆಮೇಲೆ ಎಲಿಕ್ಸರ್. ಅಲ್ಲಿ ಪವರ್‌ಶೆಲ್ ತೆರೆದು ಐಇಎಕ್ಸ್ ಎಂದು ಟೈಪ್ ಮಾಡಿದರೆ ಬೇರೇನೋ ದೋಷ ಬರುತ್ತದೆ. ಆ ಮೂರಕ್ಷರ ಪವರ್‌ಶೆಲ್‌ನದೇ ಇನ್ನೊಂದು ಆಜ್ಞೆಯ ಅಡ್ಡಹೆಸರು. ‘ಐಇಎಕ್ಸ್.ಬ್ಯಾಟ್’ ಎಂದು ಪೂರ್ತಿ ಬರೆಯಿರಿ.

ತೆರೆದ ಮೇಲೆ ಉದ್ಧರಣ ಚಿಹ್ನೆ ಮುಚ್ಚಲು ಮರೆತರೆ ಬರೀ ಚುಕ್ಕಿಗಳು ಬರುತ್ತಾ, ಎಷ್ಟು ಎಂಟರ್ ಒತ್ತಿದರೂ ಉತ್ತರವೇ ಬರುವುದಿಲ್ಲ. ‘#ಐಇಎಕ್ಸ್:ಬ್ರೇಕ್’ ಎಂದು ಬರೆದರೆ ಬಿಡುಗಡೆ. ಹೊರಬರಲು ಕಂಟ್ರೋಲ್-ಸಿ ಎರಡು ಬಾರಿ. ಯಾವುದೇ ಆಜ್ಞೆಯ ವಿವರಕ್ಕೆ ‘ಎಚ್’ ಬರೆದು, ಜಾಗ ಬಿಟ್ಟು ಅದರ ಹೆಸರು ಕೊಡಿ.

ಪದವನ್ನು ಬಿಡಿಸಿ ನೋಡಿ

‘ಕಾಸರಗೋಡು’ ಪದವನ್ನು ಸ್ಟ್ರಿಂಗ್.ಲೆಂಗ್ತ್‌ಗೆ ಕೊಟ್ಟರೆ 5 ಬರುತ್ತದೆ: ಕಾ, ಸ, ರ, ಗೋ, ಡು. ಸ್ಟ್ರಿಂಗ್.ಕೋಡ್‌ಪಾಯಿಂಟ್ಸ್ ಅದನ್ನು 8 ಚೂರು ಮಾಡುತ್ತದೆ, ಏಕೆಂದರೆ ಕಾ, ಗೋ, ಡು ಮೂರರಲ್ಲೂ ವ್ಯಂಜನ ಮತ್ತು ಸ್ವರಚಿಹ್ನೆ ಬೇರೆ ಬೇರೆ ಸಂಕೇತ. ಪೈಥಾನ್‌ನ ಲೆನ್ ಹೇಳುವುದೂ ಈ 8ನ್ನೇ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಹಾಗಾಗಿ ಬೈಟ್_ಸೈಜ್ 24.

ಇನ್ನೊಂದು ‘ಕಾಸರಗೋಡು’ವಿಗೆ ಬೈಟ್_ಸೈಜ್ 30 ಬಂದರೆ ಕಳ್ಳ ಸಿಕ್ಕಿದಂತೆ. ‘ಗೋ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಚೂರುಗಳಾಗಿಯೂ ಬರೆಯಬಹುದು. ಹಳೆಯ ಫಾಂಟ್‌ಗಳಲ್ಲಿದ್ದ ಕಡತವನ್ನು ಯುನಿಕೋಡ್‌ಗೆ ಬದಲಿಸುವಾಗ ಪರಿವರ್ತಕ ಆ ಚೂರುಗಳನ್ನು ಕೂಡಿಸದೆ ಬಿಟ್ಟರೆ ಹೀಗಾಗುತ್ತದೆ. ಲೆಂಗ್ತ್ ಆಗಲೂ 5 ಎಂದೇ ಹೇಳುತ್ತದೆ, ಆದರೆ ‘==’ ಹಾಕಿದರೆ ಉತ್ತರ ಫಾಲ್ಸ್. ಅದಕ್ಕೇ ಮೊದಲು ಬೈಟ್ ಎಣಿಸಿ.

ಲೆಂಗ್ತ್ ಕೊಡುವ ಸಂಖ್ಯೆಯನ್ನು ಅಕ್ಷರಗಣಕ್ಕೆ ಬಳಸಬೇಡಿ. ‘ಮಂಜೇಶ್ವರ’ ನಮಗೆ 4 ಅಕ್ಷರ, ಅದು 5 ಎನ್ನುತ್ತದೆ. ಒತ್ತಕ್ಷರವನ್ನು ‘ಶ್’, ‘ವ’ ಎಂದು ಒಡೆಯುವುದೇ ಕಾರಣ.

ಪ್ರಾಜೆಕ್ಟ್ ಮತ್ತು ಫಂಕ್ಷನ್

ಐಇಎಕ್ಸ್‌ನಿಂದ ಹೊರಬಂದು ‘ಮಿಕ್ಸ್ ನ್ಯೂ ಊರು’ ಎಂದರೆ ಕಡತಗಳೆಲ್ಲ ಸಿದ್ಧ. ಮಿಕ್ಸ್ ಎಂಬುದು ಎಲಿಕ್ಸರ್ ಜೊತೆಗೇ ಬರುವ ಪ್ರಾಜೆಕ್ಟ್ ಉಪಕರಣ. ಪ್ರಾಜೆಕ್ಟ್ ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಬೇಕು. ಲಿಬ್ ಫೋಲ್ಡರಿನ ಕಡತದಲ್ಲಿ ಹೀಗೆ ಬರೆಯಿರಿ:

ಡೆಫ್ ಶುಚಿ(ಹೆಸರು) ಡು
  ಹೆಸರು
  |> ಸ್ಟ್ರಿಂಗ್.ಟ್ರಿಮ್()
  |> ಸ್ಟ್ರಿಂಗ್.ನಾರ್ಮಲೈಸ್(:ಎನ್‌ಎಫ್‌ಸಿ)
ಎಂಡ್

ಸಾಲಿನ ಮೊದಲಿಗಿರುವ ಬಾಣದಂಥ ಚಿಹ್ನೆ ಮೇಲಿನ ಸಾಲಿನ ಫಲಿತಾಂಶವನ್ನು ಕೆಳಗಿನ ಫಂಕ್ಷನ್ನಿಗೆ ದಾಟಿಸುತ್ತದೆ. ಟ್ರಿಮ್ ಆಚೀಚಿನ ಖಾಲಿ ಜಾಗ ತೆಗೆಯುತ್ತದೆ, ಎನ್‌ಎಫ್‌ಸಿ ಮೂರು ಚೂರುಗಳನ್ನು ಒಂದು ಸಂಕೇತಕ್ಕೆ ತರುತ್ತದೆ. ಪೈಥಾನ್‌ನಲ್ಲಿ ಪಟ್ಟಿಯ ಮೇಲೆ ಸಾರ್ಟ್ ಕರೆದರೆ ಆ ಪಟ್ಟಿಯೇ ಬದಲಾಗುತ್ತದೆ. ಇಲ್ಲಿ ಹಾಗಲ್ಲ. ಪ್ರತಿ ಫಂಕ್ಷನ್ ಹೊಸ ಬೆಲೆ (ವ್ಯಾಲ್ಯೂ) ಕೊಡುತ್ತದೆ, ಹಳೆಯದು ಇದ್ದ ಹಾಗೇ ಇರುತ್ತದೆ. ನಾರ್ಮಲೈಸ್ ಕರೆದು ಫಲಿತಾಂಶವನ್ನು ಎಲ್ಲೂ ಹಿಡಿದಿಡದಿದ್ದರೆ ಏನೂ ಮಾಡಿದಂತಾಗಲಿಲ್ಲ. ಹೊಸಬರು ಹೆಚ್ಚು ಎಡವುವುದು ಇಲ್ಲೇ.

‘ಐಇಎಕ್ಸ್ -ಎಸ್ ಮಿಕ್ಸ್’ ಎಂದು (ಎಸ್ ದೊಡ್ಡಕ್ಷರ) ಪ್ರಾಜೆಕ್ಟಿನೊಳಗಿಂದ ತೆರೆಯಿರಿ. ಕಡತ ತಿದ್ದಿದಾಗಲೆಲ್ಲ ‘ರೀಕಂಪೈಲ್’ ಕೊಡಬೇಕು, ಇಲ್ಲವಾದರೆ ಹಳೆಯ ಫಂಕ್ಷನ್ನೇ ಓಡುತ್ತದೆ.

ಸಾಲಿಗೊಂದು ಊರಿನ ಹೆಸರಿರುವ ಪಟ್ಟಿಯನ್ನು ಫೈಲ್.ಸ್ಟ್ರೀಮ್!ನಿಂದ ಓದುವಾಗ ‘:ಟ್ರಿಮ್_ಬಾಮ್’ ಆಯ್ಕೆ ಸೇರಿಸಿ. ಎಕ್ಸೆಲ್‌ನಲ್ಲಿ ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸಿದ ಕಡತದ ಮೊದಲಲ್ಲಿ ಕಾಣದ 3 ಬೈಟ್ ಇರುತ್ತವೆ, ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಮೊದಲ ಸಾಲಿನ ಹೆಸರು ಮಾತ್ರ ಯಾವುದಕ್ಕೂ ಹೊಂದದಿದ್ದರೆ ಕಾರಣ ಇದೇ ಇರಬಹುದು. ಆಮೇಲೆ ಈನಮ್.ಮ್ಯಾಪ್‌ನಿಂದ ಎಲ್ಲ ಸಾಲುಗಳಿಗೂ ಶುಚಿ ಹಾಕಿ, ಈನಮ್.ಫ್ರೀಕ್ವೆನ್ಸೀಸ್ ಕರೆದರೆ ಯಾವ ಊರಿಗೆ ಎಷ್ಟು ಸದಸ್ಯರೆಂಬ ಲೆಕ್ಕ ಬರುತ್ತದೆ.

ಆ ಲೆಕ್ಕದಿಂದ ಸಂಖ್ಯೆಗಳನ್ನಷ್ಟೇ ತೆಗೆದಾಗ [42, 45, 65] ಬರಬೇಕಾದಲ್ಲಿ ನಕ್ಷತ್ರ, ಅಡ್ಡಗೆರೆ, ಇಂಗ್ಲಿಷ್ ‘ಎ’ ಬಂದರೆ ಗಾಬರಿ ಬೇಡ. ಪಟ್ಟಿಯ ಎಲ್ಲ ಸಂಖ್ಯೆಗಳೂ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಸಂಕೇತಗಳಾಗಿದ್ದರೆ ಐಇಎಕ್ಸ್ ಅದನ್ನು ಅಕ್ಷರವಾಗಿ ತೋರಿಸುತ್ತದೆ. ಒಳಗಿನ ಬೆಲೆ ಸರಿಯಾಗಿಯೇ ಇದೆ. ‘ಇನ್‌ಸ್ಪೆಕ್ಟ್’ ಜೊತೆ ‘ಚಾರ್‌ಲಿಸ್ಟ್ಸ್: :ಆ್ಯಸ್_ಲಿಸ್ಟ್ಸ್’ ಕೊಟ್ಟರೆ ಸಂಖ್ಯೆಯಾಗಿಯೇ ಕಾಣುತ್ತದೆ.

ಪರೀಕ್ಷೆ

ಫಂಕ್ಷನ್ನಿನ ಮೇಲೆ ‘@ಡಾಕ್’ ವಿವರಣೆಯಲ್ಲಿ ‘ಐಇಎಕ್ಸ್>’ ಎಂದು ಆರಂಭಿಸಿ ಶುಚಿಗೆ ಒಂದು ಹೆಸರು ಕೊಡಿ, ಕೆಳಸಾಲಿನಲ್ಲಿ ಬರಬೇಕಾದ ಉತ್ತರ ಬರೆಯಿರಿ. ‘ಮಿಕ್ಸ್ ಟೆಸ್ಟ್’ ಅದನ್ನು ನಿಜವಾಗಿ ಓಡಿಸಿ ನೋಡುತ್ತದೆ. ಮಾದರಿಯಾಗಿ ಬಂದ ‘ಹೆಲೋ’ ಫಂಕ್ಷನ್ ಅಳಿಸಿದರೆ ಟೆಸ್ಟ್ ಕಡತದಲ್ಲಿ ಅದರ ಪರೀಕ್ಷೆಯನ್ನೂ ಅಳಿಸಬೇಕು. ಉತ್ತರ ತಪ್ಪಿದರೆ ಸರಪಳಿಯ ಕೊನೆಗೆ ‘|> ಡಿಬಿಜಿ()’ ಸೇರಿಸಿ ಮತ್ತೆ ಟೆಸ್ಟ್ ಓಡಿಸಿ. ಪ್ರತಿ ಹೆಜ್ಜೆಯ ನಂತರದ ಬೆಲೆ ಸಾಲಾಗಿ ಬರುತ್ತದೆ. ಇದಕ್ಕೆ 1.14 ಅಥವಾ ಮೇಲಿನ ಆವೃತ್ತಿ ಬೇಕು.

ನಮ್ಮ ಜಿಲ್ಲೆಯ ಪಟ್ಟಿಗಳಲ್ಲಿ ಮಲಯಾಳ ಹೆಸರುಗಳೂ ಇರುತ್ತವೆ, ಅಲ್ಲಿ ಎನ್‌ಎಫ್‌ಸಿ ಒಂದೇ ಸಾಲದು. ಚಿಲ್ಲು ಅಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಿಗೆ) 2008ರ ಯುನಿಕೋಡ್ 5.1ರಲ್ಲಿ ಸ್ವಂತ ಸಂಕೇತ ಬಂತು. ಅದಕ್ಕೂ ಮೊದಲಿನ ಕ್ರಮದಲ್ಲಿ ವ್ಯಂಜನ, ಚಂದ್ರಕಲೆ (ಮಲಯಾಳದ ಹಲಂತ ಚಿಹ್ನೆ), ಕಾಣದ ಜೋಡಣೆ ಚಿಹ್ನೆ ಸೇರಿ ಚಿಲ್ಲು ಆಗುತ್ತಿತ್ತು. ಎರಡನ್ನೂ ಎನ್‌ಎಫ್‌ಸಿ ಒಂದಾಗಿಸುವುದಿಲ್ಲ. ಪ್ರತಿ ಚಿಲ್ಲಿಗೂ ಒಂದು ಸ್ಟ್ರಿಂಗ್.ರಿಪ್ಲೇಸ್ ಸಾಲನ್ನು ಶುಚಿಯಲ್ಲಿ ನೀವೇ ಬರೆಯಬೇಕು, ನಾರ್ಮಲೈಸ್ ಆದ ಮೇಲೆ.