ಅರೇಗೆ ಆ್ಯಬ್ಸ್ ಅನ್ವಯಿಸಲು ಹೋಗಿ ಎಡವಿದ್ದು: ನನ್ನ ಅನುಭವ

ಎಂಟು ತಾಪಮಾನ ಸೆನ್ಸರ್‌ಗಳು ತೋರಿಸಿದ ಬೆಲೆಗೂ ಅವು ತೋರಿಸಬೇಕಿದ್ದ ಬೆಲೆಗೂ ಇರುವ ವ್ಯತ್ಯಾಸಗಳನ್ನು ಸಿ ಪ್ಲಸ್ ಪ್ಲಸ್‌ನ ಒಂದು ಡಬಲ್ ಅರೇಯಲ್ಲಿ, ಅಂದರೆ ದಶಮಾಂಶ ಸಂಖ್ಯೆಗಳ ಸಾಲಿನಲ್ಲಿ, ತುಂಬಿಟ್ಟುಕೊಂಡಿದ್ದೆ. ಅವುಗಳ ಋಣಚಿಹ್ನೆ ತೆಗೆದು, ಯಾವುದು 0.5 ಡಿಗ್ರಿಗಿಂತ ಹೆಚ್ಚು ತಪ್ಪುತ್ತಿದೆ ಎಂದು ನೋಡಬೇಕಿತ್ತು. ಮೂರು ಸಾಲಿನ ಫಾರ್ ಲೂಪ್ ಸಾಕಾಗುತ್ತಿತ್ತು. ಆದರೆ ಪ್ರತಿ ಬೆಲೆಗೂ ಒಂದು ಫಂಕ್ಷನ್ ಅನ್ವಯಿಸುವ, ಸ್ಟ್ಯಾಂಡರ್ಡ್ ಲೈಬ್ರರಿಯ ಟ್ರಾನ್ಸ್‌ಫಾರ್ಮ್ ಬಳಸುವ ಆಸೆಯಿಂದ, ಅರೇಯ ಆದಿ, ಅಂತ್ಯ ಮತ್ತು ಫಲಿತಾಂಶದ ಜಾಗವನ್ನು ಕೊಟ್ಟು, ಕೊನೆಯಲ್ಲಿ ಋಣಚಿಹ್ನೆ ತೆಗೆಯುವ, ಅದೇ ಲೈಬ್ರರಿಯ ಎಸ್‌ಟಿಡಿಯ ಆ್ಯಬ್ಸ್ ಎಂಬ ಹೆಸರನ್ನು (ಎಸ್‌ಟಿಡಿ, ಎರಡು ಕೋಲನ್, ಆ್ಯಬ್ಸ್) ಹಾಗೆಯೇ ಬರೆದೆ.

ಪರದೆಯ ತುಂಬ ದೋಷಸಂದೇಶ ಬಂತು. ಟ್ರಾನ್ಸ್‌ಫಾರ್ಮ್‌ಗೆ ಒಂದಕ್ಕಿಂತ ಹೆಚ್ಚು ರೂಪಗಳಿರುವುದರಿಂದ ಜಿಸಿಸಿ ಕಂಪೈಲರ್ ಒಂದೊಂದನ್ನೂ ಹೆಸರಿಸಿ, ಅದು ಏಕೆ ಹೊಂದುವುದಿಲ್ಲ ಎಂದು ವಿವರಿಸುತ್ತದೆ; ಉದ್ದಕ್ಕೆ ಅದೇ ಕಾರಣ. ಅಷ್ಟರಲ್ಲಿ ನಿಜವಾಗಿ ಓದಬೇಕಾದದ್ದು ಎರಡೇ ಮಾತು. ನಾನು ಕೊಟ್ಟ ಕೊನೆಯ ಆರ್ಗ್ಯುಮೆಂಟ್ ಇತ್ಯರ್ಥವಾಗದ ಓವರ್‌ಲೋಡ್ ಫಂಕ್ಷನ್ (ಒಂದೇ ಹೆಸರಿನ ಹಲವು ರೂಪಗಳಲ್ಲಿ ಯಾವುದೆಂದು ತಿಳಿಯದ್ದು) ಎಂಬುದು ಒಂದು. ಅದರಿಂದಾಗಿ ಟೆಂಪ್ಲೇಟಿನ (ಟೈಪುಗಳನ್ನು ಕರೆದಾಗ ತುಂಬಿಕೊಳ್ಳುವ ಅಚ್ಚಿನ) ಒಂದು ಪ್ಯಾರಾಮೀಟರ್ ಯಾವ ಟೈಪಿನದೆಂದು ಊಹಿಸಲಾಗಲಿಲ್ಲ ಎಂಬುದು ಇನ್ನೊಂದು. ನಾನು ಎರಡನ್ನೂ ಓದಲಿಲ್ಲ. ಸಂದೇಶದಲ್ಲಿ ಟ್ರಾನ್ಸ್‌ಫಾರ್ಮ್ ಹೆಸರೇ ಮತ್ತೆ ಮತ್ತೆ ಕಂಡಿದ್ದರಿಂದ ಅರೇಯನ್ನು ಕೊಟ್ಟ ರೀತಿಯಲ್ಲೇ ತಪ್ಪಿದೆ ಎಂದುಕೊಂಡು ಒಂದು ಗಂಟೆ ಅದರ ಸುತ್ತಲೇ ತಿರುಗಿದೆ.

ಕೊನೆಗೆ, ಎಲ್ಲೋ ಕಂಡಿದ್ದ ಉಪಾಯದಂತೆ, ಆ್ಯಬ್ಸ್‌ನ ಹಿಂದಿದ್ದ ಎಸ್‌ಟಿಡಿಯನ್ನು ಅಳಿಸಿ ಬರೀ ಎರಡು ಕೋಲನ್ ಉಳಿಸಿದೆ. ಕಂಪೈಲ್ ಆಯಿತು, ಒಂದು ವಾರ್ನಿಂಗ್ ಕೂಡ ಇಲ್ಲ. ಎಂಟೂ ಸೆನ್ಸರ್‌ಗಳು ಸರಿಯಾಗಿವೆ ಎಂದು ಪ್ರೋಗ್ರಾಂ ಹೇಳಿತು. ಅವುಗಳಲ್ಲಿ ಒಂದು ಕೆಟ್ಟಿದೆ ಎಂಬುದು ನನಗೆ ಮೊದಲೇ ಗೊತ್ತಿರದಿದ್ದರೆ ಆ ಮಾತನ್ನು ನಂಬಿಬಿಡುತ್ತಿದ್ದೆ. ಫಲಿತಾಂಶದ ಅರೇಯನ್ನು ಮುದ್ರಿಸಿ ನೋಡಿದರೆ ಎಲ್ಲವೂ ಸೊನ್ನೆ. ದಶಮಾಂಶವಿರುವ ಒಂದು ಸಂಖ್ಯೆಯೂ ಇರಲಿಲ್ಲ. ಋಣ 0.7 ಕೂಡ 0 ಆಗಿತ್ತು.

ಆಗ ಕುಳಿತು ಯೋಚಿಸಿದೆ. ಎಸ್‌ಟಿಡಿಯ ಆ್ಯಬ್ಸ್ ಎಂಬುದು ಒಂದು ಫಂಕ್ಷನ್ ಅಲ್ಲ. ಇಂಟ್ (ಪೂರ್ಣಾಂಕ), ಲಾಂಗ್, ಲಾಂಗ್ ಲಾಂಗ್, ಫ್ಲೋಟ್, ಡಬಲ್, ಲಾಂಗ್ ಡಬಲ್ ಎಂದು ಬಿಡಿ ಸಂಖ್ಯೆಗಳಿಗೇ ಅದರ ಆರು ರೂಪಗಳಿವೆ. ಆವರಣದಲ್ಲಿ ಒಂದು ಬೆಲೆ ಕೊಟ್ಟು ನೇರವಾಗಿ ಕರೆದರೆ ಆ ಬೆಲೆಯ ಟೈಪ್ ನೋಡಿ ಕಂಪೈಲರ್ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಬರೀ ಹೆಸರನ್ನು ದಾಟಿಸಿದಾಗ ಆರಿಸಲು ಆಧಾರವೇ ಇರುವುದಿಲ್ಲ. ಹಾಜರಿ ಪಟ್ಟಿಯಲ್ಲಿ ಆರು ಮಂಜುನಾಥರಿರುವಾಗ ಇನಿಷಿಯಲ್ ಹೇಳದೆ ಕೂಗಿದಂತೆ. ಎರಡು ಕೋಲನ್‌ಗಳ ಹಿಂದೆ ನನಗೆ ಸಿಕ್ಕಿದ್ದು ಸಿ ಭಾಷೆಯ ಹಳೆಯ ಆ್ಯಬ್ಸ್, ಅದು ಇಂಟ್ ಪಡೆದು ಇಂಟ್ ಕೊಡುವಂಥದ್ದು. ಹೀಗಾಗಿ ಗೊಂದಲ ತೀರಿತು, ಜೊತೆಗೆ ಪ್ರತಿಯೊಂದು ಡಬಲ್ ಬೆಲೆಯ ದಶಮಾಂಶ ಭಾಗವೂ ಕತ್ತರಿಸಿಹೋಯಿತು. ಈ ಕತ್ತರಿಸುವಿಕೆ ನಡೆದದ್ದು ಲೈಬ್ರರಿಯ ಹೆಡರ್‌ನ ಒಳಗೆ. ಅಂಥ ಹೆಡರ್‌ಗಳಲ್ಲಿ ಹುಟ್ಟುವ ವಾರ್ನಿಂಗ್‌ಗಳನ್ನು ಜಿಸಿಸಿ ತಾನಾಗಿ ತೋರಿಸುವುದಿಲ್ಲವಾದ್ದರಿಂದ, ಕನ್ವರ್ಷನ್ ವಾರ್ನಿಂಗ್ ಹಾಕಿದ್ದರೂ ನನಗೆ ಸುಳಿವು ಸಿಗುತ್ತಿರಲಿಲ್ಲ.

ಹೆಸರಿನ ಬದಲು ಒಂದು ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಕೊಟ್ಟು ಇದನ್ನು ಸರಿಪಡಿಸಿದೆ: ಡಬಲ್ ಒಂದನ್ನು ಪಡೆದು, ಅದರ ಮೇಲೆ ಎಸ್‌ಟಿಡಿಯ ಆ್ಯಬ್ಸ್ ಕರೆದು, ಬಂದದ್ದನ್ನು ಹಿಂದಿರುಗಿಸುವ ಒಂದೇ ಸಾಲಿನದು. ಸ್ಟ್ಯಾಟಿಕ್ ಕಾಸ್ಟ್ ಮಾಡಿ (ಬೇಕಾದ ಟೈಪನ್ನು ಬಾಯಿಬಿಟ್ಟು ಹೇಳಿ) ಡಬಲ್ ರೂಪದ ಪಾಯಿಂಟರನ್ನೇ, ಅಂದರೆ ವಿಳಾಸವನ್ನೇ, ಆರಿಸಿಕೊಡುವ ದಾರಿಯೂ ಇದೆ. ನಾವೇ ಬರೆದ ಓವರ್‌ಲೋಡ್‌ಗಳಿಗೆ ಅದು ಅಡ್ಡಿಯಿಲ್ಲ. ಲೈಬ್ರರಿಯ ಫಂಕ್ಷನ್‌ಗಳ ವಿಳಾಸ ತೆಗೆದುಕೊಳ್ಳುವುದಕ್ಕೆ ಮಾತ್ರ ಸಿ ಪ್ಲಸ್ ಪ್ಲಸ್ 20ರ ಮಾನಕ, ಕೆಲವು ಅಪವಾದಗಳನ್ನು ಬಿಟ್ಟರೆ, ಯಾವ ಖಾತರಿಯನ್ನೂ ಕೊಡುವುದಿಲ್ಲ.

ಇದೇ ಕೋಡನ್ನು ಬೇರೆ ಫಂಕ್ಷನ್‌ಗೆ ಸಾಗಿಸಿದಾಗ ಇನ್ನೊಂದು ದೋಷ ಎದುರಾಯಿತು. ಪ್ಯಾರಾಮೀಟರನ್ನು ಎಂಟು ಡಬಲ್‌ಗಳ ಅರೇ ಎಂದೇ ಬರೆದಿದ್ದೆ. ಒಳಗೆ ರೇಂಜ್ ಫಾರ್ (ಆದಿಯಿಂದ ಅಂತ್ಯದವರೆಗೆ ತಾನೇ ಸಾಗುವ ಲೂಪ್) ಬಳಸಿದ ಕೂಡಲೇ ‘ಬಿಗಿನ್’ ಎಂಬುದು ಘೋಷಣೆಯಾಗಿಲ್ಲ ಎಂದು ಕಂಪೈಲರ್ ಹೇಳಿತು. ನಾನು ಎಲ್ಲಿಯೂ ಬಿಗಿನ್ ಎಂದು ಬರೆದೇ ಇರಲಿಲ್ಲ! ಅದನ್ನು ಹುಡುಕಿದ್ದು ಆ ಲೂಪೇ. ಪ್ಯಾರಾಮೀಟರಿನಲ್ಲಿ ಬರೆದ 8 ಎಂಬ ಸಂಖ್ಯೆಯನ್ನು ಭಾಷೆ ಲೆಕ್ಕಕ್ಕೇ ತೆಗೆದುಕೊಳ್ಳದೆ ಅದನ್ನು ಪಾಯಿಂಟರ್ ಎಂದು ಓದುತ್ತದೆ, ಪಾಯಿಂಟರಿಗೆ ಕೊನೆಯೆಂಬುದು ಗೊತ್ತಿರುವುದಿಲ್ಲ. ಬೈಟ್‌ಗಳಲ್ಲಿ ಗಾತ್ರ ಹೇಳುವ ಸೈಜ್‌ಆಫ್‌ನಿಂದ ಉದ್ದ ಲೆಕ್ಕಹಾಕಲು ಹೋದರೂ 64 ಬಿಟ್ ಯಂತ್ರದಲ್ಲಿ ಪಾಯಿಂಟರಿನ 8 ಬೈಟ್‌ಗಳನ್ನು ಡಬಲ್‌ನ 8 ಬೈಟ್‌ಗಳಿಂದ ಭಾಗಿಸಿ 1 ಎಂಬ ಉತ್ತರ ಬರುತ್ತದೆ. ಪ್ಯಾರಾಮೀಟರನ್ನು ಅರೇಯ ರೆಫರೆನ್ಸ್ (ಮೂಲ ಅರೇಗೇ ಇನ್ನೊಂದು ಹೆಸರು) ಆಗಿ ಬದಲಿಸಿದ ಮೇಲೆ ಉದ್ದವೂ ಟೈಪಿನ ಭಾಗವಾಗಿ ಉಳಿಯಿತು, ಲೂಪ್ ನಡೆಯಿತು, ಕೆಟ್ಟ ಸೆನ್ಸರಿನ 0.7 ಪಟ್ಟಿಯಲ್ಲಿ ಕಾಣಿಸಿತು.